ಮಳೆಗೆ ನಿಲ್ಲುವ ಚಕ್ಕಡಿ: ಕಟ್ಟಿಗೆಯ ಗಾರ್ಡನ್ ಸಾಮಾನು ಮಾಡಿ ಮಾರುವ ನನ್ನ ಅನುಭವ

ಧಾರವಾಡದಲ್ಲಿ ಮನೆ ಹಿಂದಿನ ಶೆಡ್ಡಿನಲ್ಲಿ ನಾನು ಕಟ್ಟಿಗೆಯ ಗಾರ್ಡನ್ ಸಾಮಾನು ಮಾಡುತ್ತೇನೆ. ಹೂವಿನ ಕುಂಡ ಇಡುವ ಸಣ್ಣ ಚಕ್ಕಡಿ (ಎತ್ತಿನ ಗಾಡಿ), ಗುಬ್ಬಿ ಗೂಡು, ಗಾಳಿಗೆ ತಿರುಗುವ ಗಿರಗಿಟ್ಲೆ, ಗೇಟಿನ ಹತ್ತಿರ ನೆಡುವ ಹೆಸರಿನ ಹಲಗೆ. ಹೊಸದಾಗಿ ಶುರು ಮಾಡುವವರು ಯಾವ ಮಷಿನ್ ತಗೊಳ್ಳಲಿ, ಯಾವ ಡಿಸೈನ್ ಓಡುತ್ತೆ ಅಂತ ಕೇಳುತ್ತಾರೆ. ನಾನು ಮೊದಲು ನೀರಿನ ಮಾತು ಎತ್ತುತ್ತೇನೆ. ಶೋಕೇಸಿನಲ್ಲಿ ಕೂರುವ ಗೊಂಬೆ ಬೇರೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆಯಲ್ಲಿ ನೆನೆದು, ಏಪ್ರಿಲ್-ಮೇ ಬಿಸಿಲಿಗೆ ಕಾದು, ನಡುವೆ ಒಂದು ಅಡ್ಡಮಳೆ ಬಂದರೆ ಮತ್ತೆ ನೆನೆದು, ಹೀಗೆ ವರ್ಷವಿಡೀ ಉಬ್ಬುತ್ತ ಕುಗ್ಗುತ್ತ ಅಂಗಳದಲ್ಲೇ ಇರುವ ಸಾಮಾನು ಬೇರೆ. ಗಿರಾಕಿ ಕೂಡ ಕೊನೆಗೆ ಕೇಳುವುದು ಅದನ್ನೇ. "ಅಣ್ಣಾರ, ಮಳ್ಯಾಗ ಇಟ್ರ ಎಷ್ಟು ವರ್ಷ ಬರತೈತ್ರಿ?" ಇದಕ್ಕೆ ಧೈರ್ಯವಾಗಿ ಉತ್ತರ ಕೊಡಲು ಆಗುವ ಹಾಗೆ ಮಾಡಬೇಕು. ಉಳಿದದ್ದೆಲ್ಲ ಆಮೇಲೆ.

ಕಟ್ಟಿಗೆಯಿಂದ ಶುರು ಮಾಡೋಣ. ದಾಂಡೇಲಿ, ಹಳಿಯಾಳದ ಅರಣ್ಯ ಇಲಾಖೆ ಡಿಪೋಗಳಲ್ಲಿ ಸಾಗವಾನಿ ಹರಾಜಾಗುತ್ತದೆ, ಆದರೆ ಆ ದಿಮ್ಮಿಗಳು ನಮ್ಮಂಥ ಸಣ್ಣವರ ಕೆಲಸಕ್ಕಲ್ಲ. ನನಗೆ ಬೇಕಾದ ಸಾಗವಾನಿ ಹಳೇ ಮನೆ ಕೆಡವಿದಾಗ ಸಿಗುತ್ತದೆ: ತೊಲೆ, ಜಂತಿ, ಬಾಗಿಲ ಚೌಕಟ್ಟು. ಅಷ್ಟು ವರ್ಷ ಒಣಗಿದ ಕಟ್ಟಿಗೆ ಇನ್ನು ಡೊಂಕಾಗುವುದು ಕಡಿಮೆ. ಕೊಯ್ಯುವ ಮೊದಲು ಒಂದು ಅಯಸ್ಕಾಂತ ಆಡಿಸಿ ನೋಡಿ, ಒಳಗೆ ಮುರಿದ ಮೊಳೆ ಇದ್ದರೆ ಬ್ಲೇಡು ಹೋಯಿತು. ಕಟ್ಟಿಗೆ ಎಲ್ಲಿ ಕೊಂಡರೂ ಬಿಲ್ ಇಟ್ಟುಕೊಳ್ಳಿ. ಇನ್ನೊಂದು ಮಾತು, ಸಾಗವಾನಿ ಅಂದ ಮಾತ್ರಕ್ಕೆ ಎಲ್ಲವೂ ಗಟ್ಟಿ ಅಲ್ಲ. ನಡುವಿನ ಕೆಚ್ಚು ಮಾತ್ರ ಮಳೆಗೂ ಹುಳಕ್ಕೂ ತಡೆಯುತ್ತದೆ, ಅಂಚಿನ ಬಿಳಿ ಭಾಗಕ್ಕೆ ಹುಳ ಬಿದ್ದು ಹಿಟ್ಟು ಉದುರುತ್ತದೆ. ನಾನು ಬಿಳಿ ಭಾಗವನ್ನು ಕೊಯ್ದು ಒಲೆಗೆ ಹಾಕುತ್ತೇನೆ.

ಗಾಲಿಗೆ ಜಾಲಿ ಬಳಸುತ್ತೇನೆ. ನಮ್ಮ ಕಡೆ ಚಕ್ಕಡಿಗೆ ಹಿಂದಿನಿಂದ ಅದೇ ಬಂದಿದೆ. ಪೆಟ್ಟು ತಡೆಯುತ್ತದೆ. ಆದರೆ ಅದರಲ್ಲಿ ಒಗರು ಜಾಸ್ತಿ, ಅದಕ್ಕೇ ಚರ್ಮ ಹದ ಮಾಡುವವರು ಜಾಲಿ ತೊಗಟೆ ಬಳಸುತ್ತಾರೆ. ಈ ಒಗರಿಗೆ ಸಾದಾ ಕಬ್ಬಿಣದ ಮೊಳೆ ಮತ್ತು ನೀರು ಸೇರಿದರೆ ಸುತ್ತಲೂ ಮಸಿಯಂಥ ಕಪ್ಪು ಕಲೆ ಇಳಿಯುತ್ತದೆ. ಹಾಗಾಗಿ ಸ್ಟೇನ್‌ಲೆಸ್ ಸ್ಕ್ರೂ ಹಾಕಿ. ರೇಟು ಜಾಸ್ತಿ, ಆದರೂ ಅದೇ ಹಾಕಿ.

ಅಗ್ಗದ ಸಾಮಾನಿಗೆ ಹುಬ್ಬಳ್ಳಿಯ ಕಾರ್ಖಾನೆಗಳಿಂದ ಬರುವ ಪ್ಯಾಕಿಂಗ್ ಪೆಟ್ಟಿಗೆಯ ಪೈನ್ ನಡೆಯುತ್ತದೆ. ವಿದೇಶದಿಂದ ಬಂದ ಪೆಟ್ಟಿಗೆ ಮೇಲೆ ಒಂದು ಮುದ್ರೆ ಇರುತ್ತದೆ, ಅದನ್ನು ಓದಬೇಕು. ಎಚ್‌ಟಿ ಅಂತಿದ್ದರೆ ಕಟ್ಟಿಗೆಯ ಒಳಭಾಗ ಕನಿಷ್ಠ 30 ನಿಮಿಷ 56 ಡಿಗ್ರಿಯಲ್ಲಿ ಇರುವಂತೆ ಕಾಯಿಸಿದ್ದಾರೆ ಅಂತ ಅರ್ಥ, ಅದು ಸರಿ. ಎಂಬಿ ಅಂತಿದ್ದರೆ ಮೀಥೈಲ್ ಬ್ರೋಮೈಡ್ ಅನ್ನುವ ವಿಷದ ಹೊಗೆ ಕೊಟ್ಟದ್ದು. ಅದನ್ನು ನಾನು ಮುಟ್ಟುವುದಿಲ್ಲ, ಹಕ್ಕಿ ಗೂಡಿಗಂತೂ ಬೇಡವೇ ಬೇಡ.

ಈಗ ಚಕ್ಕಡಿ. ನನ್ನ ಕೈಯಿಂದ ಹೆಚ್ಚು ಹೋಗುವುದು ಇದೇ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಗಾಲಿಯನ್ನು ಒಂದೇ ಹಲಗೆಯಿಂದ ದುಂಡಗೆ ಕೊಯ್ದರೆ ಸುಲಭ, ಆದರೆ ಕಟ್ಟಿಗೆ ಎಳೆಯ ಉದ್ದಕ್ಕೆ ಅಷ್ಟು ಕುಗ್ಗುವುದಿಲ್ಲ, ಅಡ್ಡಕ್ಕೆ ಕುಗ್ಗುತ್ತದೆ, ಅದಕ್ಕೇ ಒಂದೇ ಹಲಗೆಯ ಗಾಲಿ ಬೇಸಿಗೆ ಬಂದಾಗ ಸೀಳುತ್ತದೆ. ನಿಜವಾದ ಚಕ್ಕಡಿಯಲ್ಲಿ ಬಡಿಗೇರರು ಸುತ್ತುಪಟ್ಟಿಯನ್ನು ತುಂಡು ತುಂಡಾಗಿ ಕೂಡಿಸುತ್ತಾರೆ, ಮೇಲೆ ಕಬ್ಬಿಣದ ಪಟ್ಟಿಯನ್ನು ಕೆಂಪಗೆ ಕಾಯಿಸಿ ಕೂರಿಸಿ ನೀರು ಹಾಕುತ್ತಾರೆ, ಪಟ್ಟಿ ಕುಗ್ಗಿ ಎಲ್ಲವನ್ನೂ ಬಿಗಿ ಹಿಡಿಯುತ್ತದೆ. ನಮ್ಮ ಓಣಿಯ ಬಡಿಗೇರ ಕಾಕಾ ನನಗೆ ತೋರಿಸಿಕೊಟ್ಟ ಲೆಕ್ಕ ಇದು. ಸಣ್ಣ ಗಾಲಿಗೆ ನಾನು ಎರಡು ಪದರ ಮಾಡುತ್ತೇನೆ. ಕೆಳಗಿನ ಪದರದ ಸಂದು ಬರುವ ಕಡೆ ಮೇಲಿನ ಪದರದ ತುಂಡಿನ ನಡುಭಾಗ ಬರಬೇಕು. ನೀರಿಗೆ ಬಿಡದ ಅಂಟು ಹಚ್ಚಿ, ಕ್ಲ್ಯಾಂಪ್ ಬಿಗಿದು ರಾತ್ರಿಯಿಡೀ ಬಿಡುತ್ತೇನೆ.

ಕುಂಡ ಕೂರುವ ತಳದಲ್ಲಿ ಹಲಗೆ ಹಲಗೆಗೆ ಕಾಲು ಇಂಚು ಸಂದು ಬಿಡಿ. ಕುಂಡಕ್ಕೆ ಹಾಕಿದ ನೀರು ಅಲ್ಲೇ ನಿಂತರೆ ಎಂಥ ಸಾಗವಾನಿಯೂ ಉಳಿಯುವುದಿಲ್ಲ. ಹಲಗೆಯ ಕೊಯ್ದ ತುದಿಗಳು ನೀರನ್ನು ಸ್ಟ್ರಾ ಹಾಕಿದ ಹಾಗೆ ಎಳೆದುಕೊಳ್ಳುತ್ತವೆ, ಅಲ್ಲಿಗೆ ಎಣ್ಣೆ ಒಂದು ಕೈ ಹೆಚ್ಚು. ಗಾಲಿ ಮಣ್ಣಿನ ಮೇಲೆ ಕೂರಬಾರದು. ನಾನು ಪ್ರತಿ ಚಕ್ಕಡಿಗೂ ಎರಡು ಶಹಾಬಾದ್ ಕಲ್ಲಿನ ತುಂಡು ಜೊತೆಗೆ ಕೊಡುತ್ತೇನೆ, ಗೆದ್ದಲು ಕದ್ದು ಹತ್ತುವುದೂ ಕಷ್ಟವಾಗುತ್ತದೆ.

ಬಣ್ಣದ ವಿಷಯ ಬೇಗ ಮುಗಿಸುತ್ತೇನೆ. ಪೈನ್‌ಗೆ ಪ್ರೈಮರ್ ಹಚ್ಚಿ ಹೊರಗೋಡೆಗೆ ಬಳಸುವ ಬಣ್ಣ. ಸಾಗವಾನಿ, ಜಾಲಿಗೆ ಪೇಂಟ್ ಅಂಗಡಿಯಲ್ಲಿ ಸಿಗುವ ಡಬಲ್ ಬಾಯ್ಲ್ಡ್ ಅಗಸೆ ಎಣ್ಣೆ. ಮೊದಲ ಕೈಗೆ ಟರ್ಪೆಂಟೈನ್ ಬೆರೆಸಿ ತೆಳ್ಳಗೆ, ಆಮೇಲೆ ಹಾಗೇ. ಅಡುಗೆಗೆ ಬಳಸುವ ಅಗಸೆ ಎಣ್ಣೆ ಹಚ್ಚಬೇಡಿ, ಅದು ಬೇಗ ಒಣಗುವುದಿಲ್ಲ, ಮಳೆಗಾಲದಲ್ಲಿ ಕಪ್ಪು ಬೂಷ್ಟು ಹಿಡಿಯುತ್ತದೆ. ಒಂದು ಎಚ್ಚರಿಕೆ, ದಯವಿಟ್ಟು ಮರೆಯಬೇಡಿ. ಎಣ್ಣೆ ಒರೆಸಿದ ಅರಿವೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಈ ಎಣ್ಣೆ ಒಣಗುವಾಗ ತಾನೇ ಬಿಸಿಯಾಗುತ್ತದೆ, ಮುದ್ದೆಯೊಳಗೆ ಆ ಬಿಸಿ ಸೇರಿ ಬೆಂಕಿ ಹತ್ತಬಹುದು. ಹೊರಗೆ ಹಗ್ಗದ ಮೇಲೆ ಒಂದೊಂದಾಗಿ ಹರವಿ ಒಣಗಿಸಿ, ಇಲ್ಲಾ ನೀರಲ್ಲಿ ಮುಳುಗಿಸಿಡಿ.

ಗುಬ್ಬಿ ಗೂಡಿನ ವಿಷಯದಲ್ಲಿ ನಾನು ಗಿರಾಕಿ ಹೇಳಿದ್ದಕ್ಕೆಲ್ಲ ಹೂಂ ಅನ್ನುವುದಿಲ್ಲ. ಮಾರ್ಚ್ 20ರ ಗುಬ್ಬಚ್ಚಿ ದಿನ ಹತ್ತಿರ ಬಂದರೆ ಶಾಲೆಗಳಿಂದ ಕೇಳುತ್ತಾರೆ, ಒಳಗೂ ಹೊರಗೂ ಬಣ್ಣ ಬೇಕು, ತೂತಿನ ಕೆಳಗೆ ಕೂರಲು ಕಡ್ಡಿ ಬೇಕು ಅಂತ. ಗುಬ್ಬಿಗೆ ಆ ಕಡ್ಡಿ ಬೇಕಿಲ್ಲ. ಮರಿ ಕದಿಯಲು ಬರುವ ಹಕ್ಕಿಗೆ ಅದು ಕಾಲೂರುವ ಜಾಗ. ತೂತು ಒಂದೂಕಾಲು ಇಂಚು ಸಾಕು, ಅಂದರೆ 32 ಮಿಲಿಮೀಟರ್. ಅದಕ್ಕಿಂತ ತೀರಾ ದೊಡ್ಡದಾದರೆ ಬೇರೆ ಹಕ್ಕಿ ನುಗ್ಗುತ್ತದೆ. ಒಳಗೆ ಬಣ್ಣ ಬೇಡ. ತಳಕ್ಕೆ ನಾಲ್ಕು ಸಣ್ಣ ತೂತು, ಚಾವಣಿ ಮುಂದಕ್ಕೆ ಎರಡು ಇಂಚು ಚಾಚಿರಲಿ, ಒಂದು ಪಕ್ಕ ಸ್ಕ್ರೂ ತೆಗೆದು ಸ್ವಚ್ಛ ಮಾಡುವಂತಿರಲಿ. ಬೆಕ್ಕಿಗೆ ಎಟುಕದ ಹಾಗೆ ಎಂಟು-ಹತ್ತು ಅಡಿ ಎತ್ತರ, ಸೂರಿನ ಕೆಳಗೆ. ನಮ್ಮಲ್ಲಿ ಮುಂಗಾರು ಮಳೆ ಪಶ್ಚಿಮದಿಂದ ಹೊಡೆಯುತ್ತದೆ, ಹಾಗಾಗಿ ಬಾಯಿ ಪೂರ್ವಕ್ಕೋ ಉತ್ತರಕ್ಕೋ ಇಡಲು ಹೇಳುತ್ತೇನೆ. ಇಷ್ಟು ಬಿಡಿಸಿ ಹೇಳಿದರೆ ಶಾಲೆಯವರೂ ಒಪ್ಪುತ್ತಾರೆ.

ಗಿರಗಿಟ್ಲೆ ಮತ್ತು ಹೆಸರಿನ ಹಲಗೆಗೆ ಕಂಬ ನೆಡಬೇಕಾಗುತ್ತದೆ. ಗದಗ, ನವಲಗುಂದದ ಎರೆ ಭೂಮಿ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರುಕು ಬಿಡುತ್ತದೆ, ಸುಮ್ನೆ ನೆಟ್ಟ ಕಂಬ ವಾಲಿಬಿಡುತ್ತದೆ. ಅಲ್ಲಿಗೆ ಕಾಂಕ್ರೀಟಿನಲ್ಲಿ ಕೂರುವ ಕಬ್ಬಿಣದ ಕಾಲು ಮಾಡಿಸಿ ಕೊಡುತ್ತೇನೆ, ಕಟ್ಟಿಗೆ ನೆಲದಿಂದ ಎರಡು ಇಂಚು ಮೇಲೆಯೇ ನಿಲ್ಲುತ್ತದೆ. ಆಷಾಢದ ಗಾಳಿ ಬೇರೆ ಇರುತ್ತದಲ್ವಾ, ತಿರುಗುವ ಕಡೆ ಎರಡೂ ಬದಿ ಹಿತ್ತಾಳೆ ವಾಷರ್ ಬೇಕು.

ಮಾರಾಟಕ್ಕೆ ನನಗೆ ನರ್ಸರಿಗಳೇ ಮೊದಲ ದಾರಿ. ಅಲ್ಲಿ ಹೊಸದರ ಪಕ್ಕ ಒಂದು ಹಳೇ ಚಕ್ಕಡಿಯನ್ನೂ ಮಳೆಯಲ್ಲೇ ಬಿಟ್ಟಿರುತ್ತೇನೆ, ಮಾಡಿದ ವರ್ಷ ಬರೆದು. ಜನ ಹಳೇದನ್ನು ಮುಟ್ಟಿ ನೋಡಿ ಹೊಸದನ್ನು ಕೊಳ್ಳುತ್ತಾರೆ. ಕೃಷಿ ವಿಶ್ವವಿದ್ಯಾಲಯದ ಕೃಷಿ ಮೇಳ ಸಾಮಾನ್ಯವಾಗಿ ಸೆಪ್ಟೆಂಬರ್‌ನಲ್ಲಿ ಬರುತ್ತದೆ, ಸುತ್ತಲಿನ ಜಿಲ್ಲೆಗಳ ರೈತರೆಲ್ಲ ಅಲ್ಲಿರುತ್ತಾರೆ. ಅವರ ಕಣ್ಣು ತಪ್ಪಿಸಲು ಆಗುವುದಿಲ್ಲ. ಒಬ್ಬ ಅಜ್ಜಾರು ಗಾಲಿ ತಿರುಗಿಸಿದರು, ಬಗ್ಗಿ ಅಚ್ಚಿನ ತುದಿ ನೋಡಿದರು, ಗಾಲಿ ಜಾರದಂತೆ ತಡೆಯುವ ಕೀಲನ್ನು ಬೆರಳಿನಿಂದ ಅಲುಗಿಸಿದರು. "ಕಡಾಣಿ ಸುದ್ದಾ ಹಾಕೀಯಲ್ಲೋ ತಮ್ಮಾ" ಅಂದರು. ರೇಟು ಕೇಳಿದರು, ಚೌಕಾಸಿ ಮಾಡಲಿಲ್ಲ. ಹಾವೇರಿ ಕಡೆಯವರು ಹಳ್ಳಿ ಬದುಕಿನ ಶಿಲ್ಪಗಳಿರುವ ಗೊಟಗೋಡಿಯ ಉತ್ಸವ ರಾಕ್ ಗಾರ್ಡನ್ ನೋಡಿರುತ್ತಾರೆ, ಅಲ್ಲಿದ್ದಂಥ ಎತ್ತು ಬೇಕು ಅನ್ನುತ್ತಾರೆ. ಎತ್ತಿನ ಕೆತ್ತನೆ ಬೇರೆಯೇ ಕೆಲಸ, ಅದಕ್ಕೆ ಅರ್ಧ ಮುಂಗಡ ತಗೊಂಡೇ ಉಳಿ ಹಿಡಿಯುತ್ತೇನೆ.

ರೇಟು ಹೇಗೆ? ನನ್ನ ಮೂರಡಿ ಚಕ್ಕಡಿಗೆ ಕಟ್ಟಿಗೆ ಸುಮಾರು 900, ಸ್ಕ್ರೂ ಅಂಟು 250, ಎಣ್ಣೆ 200, ಎರಡು ದಿನದ ಕೂಲಿ 1,800, ಕರೆಂಟು ಬ್ಲೇಡಿಗೆ 250. ಒಟ್ಟು 3,400. ನರ್ಸರಿಯವರಿಗೆ ನೂರಕ್ಕೆ ಇಪ್ಪತ್ತು ಕೊಡಬೇಕು, ಹಾಗಾಗಿ 4,500 ಇಡುತ್ತೇನೆ, ಅವರ 900 ಹೋಗಿ 3,600 ಉಳಿಯುತ್ತದೆ. ಸ್ವಂತ ಕೂಲಿಯನ್ನು ಲೆಕ್ಕಕ್ಕೆ ಹಿಡಿಯದೆ ಮಾರುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಕಡಿಮೆ ಮಾಡಿ ಅಂದವರಿಗೆ ಸಣ್ಣ ಅಳತೆಯದನ್ನು ತೋರಿಸುತ್ತೇನೆ, ಸ್ಕ್ರೂ ಅಗ್ಗದ್ದು ಹಾಕುವುದಿಲ್ಲ.

ದೂರದ ಊರಿಗೆ ಕಳಿಸುವಾಗ ತೂಕಕ್ಕಿಂತ ಜಾಗದ ಲೆಕ್ಕ ಹೊಡೆತ ಕೊಡುತ್ತದೆ. ಸಾಮಾನ್ಯವಾಗಿ ಕೊರಿಯರ್‌ನವರು ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5,000ದಿಂದ ಭಾಗಿಸಿ ಕಿಲೋ ಮಾಡುತ್ತಾರೆ. ಜೋಡಿಸಿದ ಚಕ್ಕಡಿ 90, 45, 45 ಅಂದರೆ 36 ಕಿಲೋ ದಾಟುತ್ತದೆ, ನಿಜವಾದ ತೂಕ 12ರ ಆಸುಪಾಸು. ಗಾಲಿ, ಮೂಕಿ (ಮುಂದೆ ಚಾಚಿದ ಉದ್ದ ಕಟ್ಟಿಗೆ) ಬಿಚ್ಚಿ ಚಪ್ಪಟೆ ಕಟ್ಟಿದರೆ ಎತ್ತರ 15ಕ್ಕೆ ಇಳಿಯುತ್ತದೆ, ಲೆಕ್ಕವೂ 12 ಕಿಲೋಗೆ ಬರುತ್ತದೆ. ಅದಕ್ಕೇ ಈಗ ಎಲ್ಲವೂ ನಟ್ಟು-ಬೋಲ್ಟು, ಜೊತೆಗೆ ಪಾನಾ (ಸ್ಪ್ಯಾನರ್) ಮತ್ತು ಕನ್ನಡದಲ್ಲಿ ಬರೆದ ಜೋಡಣೆ ಚೀಟಿ. ಬಸ್ ಪಾರ್ಸೆಲ್‌ಗೂ ಇದೇ ಕಟ್ಟು ಅನುಕೂಲ.

ದೀಪಾವಳಿ ಮುಗಿದು ಮಳೆ ನಿಂತ ಮೇಲೆ ಕೊಂಡವರಿಗೆಲ್ಲ ವಾಟ್ಸಾಪ್ ಮಾಡುತ್ತೇನೆ, ಒಂದು ಕೈ ಎಣ್ಣೆ ಹಚ್ಚಿ ಅಂತ. ಹಲಗೆ ಹೋಗಿದ್ದರೆ ಕಟ್ಟಿಗೆ ಖರ್ಚಿಗೆ ಬದಲಿಸಿ ಕೊಡುತ್ತೇನೆ. ಹೊಸ ಆರ್ಡರು ಜಾಸ್ತಿ ಬರುವುದು ಆ ಮೆಸೇಜಿಗೆ ಬಂದ ಉತ್ತರದಲ್ಲೇ.

ನೀವು ಶುರು ಮಾಡುವುದಾದರೆ ಗುಬ್ಬಿ ಗೂಡು ಮತ್ತು ಒಂದು ಸಣ್ಣ ಚಕ್ಕಡಿ ಮಾಡಿ, ಜೂನ್‌ಗೆ ಮೊದಲು ಅಂಗಳದಲ್ಲಿ ಇಡಿ. ದಸರೆ ಹೊತ್ತಿಗೆ ಬಿಚ್ಚಿ ನೋಡಿ. ಯಾವ ಸಂದು ಕಪ್ಪಾಗಿದೆ, ಯಾವ ಸ್ಕ್ರೂ ತುಕ್ಕು ಹಿಡಿದಿದೆ, ನೀರು ಎಲ್ಲಿ ನಿಂತಿದೆ ಅಂತ ಕಾಣುತ್ತದೆ. ಅದನ್ನು ಸರಿ ಮಾಡಿದ ಮೇಲೆ ರೇಟು ಬರೆದು ನರ್ಸರಿಗೆ ಒಯ್ಯಿರಿ.