ಸ್ಪ್ರಿಂಗ್ ಏರ್ ರೈಫಲ್‌ಗೆ ಜಾರದ ಸ್ಕೋಪ್ ಮೌಂಟ್

ನಾನು ಪೀಣ್ಯದಲ್ಲಿ ಟೂಲ್ ರೂಮ್ ಕೆಲಸ ಮಾಡುವವನು. ಸ್ಪ್ರಿಂಗ್ ಏರ್ ರೈಫಲ್ ಮೇಲೆ ಸ್ಕೋಪ್ (ಗುರಿ ನೋಡುವ ದುರ್ಬೀನು) ಹಾಕಿಕೊಂಡ ಗೆಳೆಯರು "ಸ್ಕೋಪ್ ಜಾರುತ್ತಲೇ ಇದೆ, ಸ್ಕ್ರೂ ಇನ್ನೂ ಬಿಗಿ ಮಾಡ್ಲಾ?" ಅಂತ ಕೇಳುತ್ತಾರೆ. ಬೇಡ. ಬರೀ ಸ್ಕ್ರೂ ಬಿಗಿಯನ್ನು ನಂಬಿದರೆ ಮೌಂಟ್, ಅಂದರೆ ಸ್ಕೋಪನ್ನು ರೈಫಲ್‌ಗೆ ಹಿಡಿದಿಡುವ ಭಾಗ, ನಿಲ್ಲುವುದಿಲ್ಲ. ಅದರ ಹಿಂದೆ ಗಟ್ಟಿಯಾದ ಒಂದು ತಡೆ ಇರಬೇಕು.

ಟ್ರಿಗರ್ ಒತ್ತಿದಾಗ ಸ್ಪ್ರಿಂಗ್ ತಳ್ಳಿ ಪಿಸ್ಟನ್ ಮುಂದಕ್ಕೆ ಓಡುತ್ತದೆ, ರೈಫಲ್ ಹಿಂದಕ್ಕೆ ಒದೆಯುತ್ತದೆ. ಪಿಸ್ಟನ್ ಸಿಲಿಂಡರ್ ತುದಿಗೆ ಹೋಗಿ ನಿಂತಾಗ ರೈಫಲ್ ಥಟ್ಟನೆ ಮುಂದಕ್ಕೆ ಜಗ್ಗುತ್ತದೆ. ಸ್ಕೋಪ್ ಮಾತ್ರ ಇದ್ದಲ್ಲೇ ಉಳಿಯಲು ನೋಡುತ್ತದೆ. ಅದಕ್ಕೇ ಮೌಂಟ್ ತಾನು ಕೂತ ರೈಲಿನ (ಸಿಲಿಂಡರ್ ಮೇಲಿನ ಪಟ್ಟಿಯ) ಮೇಲೆ ಹಿಂದಕ್ಕೆ ಸರಿಯುವುದು. ಈ ಎರಡು ದಿಕ್ಕಿನ ಏಟು ತಡೆಯುವ, ಏರ್ ರೈಫಲ್‌ಗೆಂದೇ ಮಾಡಿದ ಸ್ಕೋಪನ್ನೇ ತಗೊಳ್ಳಿ.

ಮೊದಲು ರೈಫಲ್ ಖಾಲಿ ಇದೆ, ಕಾಕ್ ಆಗಿಲ್ಲ (ಸ್ಪ್ರಿಂಗ್ ಎಳೆದು ಸಿದ್ಧವಾಗಿಲ್ಲ) ಅಂತ ನೋಡಿಕೊಂಡು ರೈಲ್ ಅಳೆಯಿರಿ. 11 ಎಂಎಂ ಡವ್‌ಟೇಲ್ (ಪಕ್ಕಗಳು ಒಳಕ್ಕೆ ಇಳಿಜಾರಾದ ರೈಲ್) ಅನ್ನುವುದು ಹೆಸರಿಗಷ್ಟೇ. 9.5ರಿಂದ 13 ಎಂಎಂ ದಾಟುವವರೆಗೂ ಇರುತ್ತವೆ. ಇಳಿಜಾರಿನ ಕೋನವೂ ಒಂದೇ ಅಲ್ಲ, 45 ಡಿಗ್ರಿ ಇರಬಹುದು, 60 ಇರಬಹುದು. ಎರಡೂ ಪಕ್ಕದ ತೋಡಿಗೆ ಒಂದೇ ಅಳತೆಯ ಪಿನ್ ಇಟ್ಟು, ಪಿನ್‌ಗಳ ಮೇಲಿನಿಂದ ವರ್ನಿಯರ್ ಹಿಡಿಯಿರಿ. ಮುಂದೆ, ನಡುವೆ, ಹಿಂದೆ ಮೂರು ಕಡೆ ನೋಡಿದರೆ ರೈಲ್ ಒಂದೇ ಸಮ ಇದೆಯಾ ಗೊತ್ತಾಗುತ್ತದೆ.

ಮೌಂಟನ್ನು ಎರಡು ಬಿಡಿ ತುಂಡಾಗಿ ಮಾಡಬೇಡಿ, 6061-ಟಿ6 ಅಲ್ಯೂಮಿನಿಯಂನಲ್ಲಿ ಒಂದೇ ತುಂಡಾಗಿ ಮಾಡಿ. ನನ್ನ ಪ್ರಕಾರ 110 ಎಂಎಂ ಉದ್ದ ಸಾಕು. ತಳದ ನಡುಭಾಗವನ್ನು 0.3 ಎಂಎಂ ತಗ್ಗಿಸಿ, ಮೌಂಟ್ ಎರಡು ತುದಿಗಳಲ್ಲಿ ಮಾತ್ರ ಕೂರಲಿ. ಆಗ ರೈಲ್ ಸ್ವಲ್ಪ ಉಬ್ಬಿದ್ದರೂ ಮೌಂಟ್ ತೂಗಾಡುವುದಿಲ್ಲ. ಕ್ಲಾಂಪಿಗೆ ಎಂ4 ಆಲನ್ ಸ್ಕ್ರೂ ನಾಲ್ಕು ಹಾಕಿ. ಅಲ್ಯೂಮಿನಿಯಂನಲ್ಲಿ ಥ್ರೆಡ್ ಕನಿಷ್ಠ 8 ಎಂಎಂ ಆಳ ಇರಲಿ.

ಈಗ ತಡೆ. ಸಿಲಿಂಡರ್ ಮೇಲೆ ಕಂಪನಿಯವರೇ ಕೊಟ್ಟ ತೂತು ಇದ್ದರೆ, ಮೌಂಟ್‌ನಿಂದ ಒಂದು ಗಟ್ಟಿ ಸ್ಟೀಲ್ ಪಿನ್ ಅದರೊಳಗೆ ಇಳಿಯಲಿ. ಆ ಪಿನ್ ತೂತಿನ ಹಿಂದಿನ ಗೋಡೆಗೆ ತಾಗುವಂತೆ ಮೌಂಟನ್ನು ಹಿಂದಕ್ಕೆ ಒತ್ತಿ ಹಿಡಿದು ಬಿಗಿ ಮಾಡಿ. ತೂತು ಇಲ್ಲದಿದ್ದರೆ ರೈಲಿನ ಮುಂತುದಿಗೆ ಕೊಕ್ಕೆಯಂತೆ ಆನಿಕೊಳ್ಳುವ ಸ್ಟಾಪರ್ ಮಾಡಿ. ಸಿಲಿಂಡರ್‌ಗೆ ನೀವೇ ಡ್ರಿಲ್ ಹಾಕಲೇಬೇಡಿ. ಒಳಗೆ ಪಿಸ್ಟನ್ ಸೀಲ್ ಓಡಾಡುತ್ತದೆ, ರೈಫಲ್ಲೇ ಹಾಳಾಗುತ್ತದೆ.

ರಿಂಗ್ ಬೋರಿಂಗ್, ಅಂದರೆ ಸ್ಕೋಪಿನ ಟ್ಯೂಬ್ ಹಿಡಿಯುವ ಬಳೆಗಳ ಒಳಗನ್ನು ಕೊರೆಯುವುದು, ನನಗೆ ತುಂಬಾ ಇಷ್ಟದ ಕೆಲಸ. ಮೊದಲು ಡವ್‌ಟೇಲ್ ಮುಗಿಸಿ, ಅದನ್ನೇ ಫಿಕ್ಸ್ಚರ್ (ತುಂಡನ್ನು ಅಲುಗದಂತೆ ಹಿಡಿಯುವ ಸಾಧನ) ಮೇಲೆ ಕೂರಿಸಿ. ಕ್ಯಾಪ್‌ಗಳ (ರಿಂಗಿನ ಮೇಲರ್ಧಗಳ) ಕೆಳಗೆ 0.4 ಎಂಎಂ ಶಿಮ್ (ತೆಳು ತಗಡು) ಇಟ್ಟು ಬಿಗಿದು, ಎರಡೂ ರಿಂಗನ್ನು ಒಂದೇ ಸೆಟ್ಟಿಂಗ್‌ನಲ್ಲಿ 25.4 ಎಂಎಂಗೆ ಬೋರ್ ಮಾಡಿ. ಆಮೇಲೆ ಶಿಮ್ ತೆಗೆದರೆ ಕ್ಯಾಪ್ ಟ್ಯೂಬನ್ನು ಸರಿಯಾಗಿ ಹಿಡಿಯುತ್ತದೆ. ಸೆಟ್ಟಿಂಗ್ ಬದಲಿಸಿ ಬೋರ್ ಮಾಡಿದರೆ ಏನಾಗುತ್ತೆ ನೋಡಿ: 100 ಎಂಎಂ ಅಂತರದ ರಿಂಗ್‌ಗಳಲ್ಲಿ 0.1 ಎಂಎಂ ಏರುಪೇರಾದರೆ 25 ಮೀಟರ್ ದೂರದಲ್ಲಿ 25 ಎಂಎಂ ತಪ್ಪುತ್ತದೆ. ಜೊತೆಗೆ ಟ್ಯೂಬೂ ಬಾಗುತ್ತದೆ.

ಇದೇ ಲೆಕ್ಕ ಉಪಯೋಗಕ್ಕೂ ಬರುತ್ತದೆ. ಬ್ಯಾರೆಲ್ ಮಡಚಿ ಲೋಡ್ ಮಾಡುವ ರೈಫಲ್‌ಗಳು ಕೆಲವು ಸಲ ಕೆಳಗೆ ಹೊಡೆಯುತ್ತವೆ. 25 ಮೀಟರ್‌ಗೆ 50 ಎಂಎಂ ಕೆಳಗೆ ಬೀಳುತ್ತಿದ್ದರೆ, ಬೋರಿನ ಹಿಂಬದಿಯನ್ನು 0.2 ಎಂಎಂ ಎತ್ತರಿಸಿ.

ಜೋಡಿಸುವಾಗ ರೈಲಿನಲ್ಲಿ ಎಣ್ಣೆಯ ಪಸೆ ಇರಬಾರದು. ಕ್ಯಾಪ್ ಸ್ಕ್ರೂಗಳನ್ನು ಅಡ್ಡಡ್ಡವಾಗಿ, ಸ್ವಲ್ಪ ಸ್ವಲ್ಪವೇ ಬಿಗಿದು 2 ನ್ಯೂಟನ್ ಮೀಟರ್ ಆಸುಪಾಸಿಗೆ ನಿಲ್ಲಿಸಿ. ಮೌಂಟ್ ಹಿಂದೆ ರೈಲಿನ ಮೇಲೊಂದು ಗೆರೆ, ರಿಂಗ್ ಪಕ್ಕ ಟ್ಯೂಬಿನ ಮೇಲೊಂದು ಗೆರೆ ಹಾಕಿ. ಕಣ್ಣಿಗೆ ಕನ್ನಡಕ ಹಾಕಿಕೊಂಡು, ಪೆಲೆಟ್ ಹಿಡಿಯುವ ಪೆಟ್ಟಿಗೆಗೆ ಒಂದು ಡಬ್ಬಿ ಪೆಲೆಟ್ ಹೊಡೆದು ನೋಡಿ. ರೈಲಿನ ಗೆರೆ ತಪ್ಪಿದ್ದರೆ ಪಿನ್ ಸರಿಯಾಗಿ ತಾಗಿಲ್ಲ. ಟ್ಯೂಬಿನ ಗೆರೆ ತಪ್ಪಿದ್ದರೆ ಬೋರ್ ದೊಡ್ಡದಾಗಿದೆ.