ಆಂಬಾಸಿಡರ್ ಬ್ಲಾಕಿನ ಎಂ.ಜಿ.ಎ. ಕಾರನ್ನು ಕೊಂಡ ನನ್ನ ಅನುಭವ

ಬಸವನಗುಡಿಯ ಮನೆಯೊಂದರ ಶೆಡ್ಡಿನಲ್ಲಿ 1958ರ ಎಂ.ಜಿ.ಎ. ಎಂಬ ಬ್ರಿಟಿಷ್ ಸ್ಪೋರ್ಟ್ಸ್ ಕಾರನ್ನು ಮೊದಲ ಸಲ ನೋಡಿದಾಗ ಅದರ ಕೆಂಪು ಬಣ್ಣ, ಸೀಟಿನ ಚರ್ಮ, ಕಡ್ಡಿಚಕ್ರಗಳು ಎಲ್ಲವೂ ಹೊಸದರಂತಿದ್ದವು. ಆದರೆ ಬಾನೆಟ್ಟಿನ ಕೆಳಗಿದ್ದದ್ದು ಕಾರಿನೊಡನೆ ಬಂದ ಎಂಜಿನ್ ಅಲ್ಲ. ಮಾರುವವರು ಅದನ್ನು ಮುಚ್ಚಿಡಲಿಲ್ಲ. "ಹಳೇ ಬ್ಲಾಕ್ ಬಿರುಕು ಬಿಟ್ಟಿತ್ತು ಸಾರ್, ಆಂಬಾಸಿಡರ್ ಬ್ಲಾಕ್ ಹಾಕಿಸಿದ್ದೇವೆ" ಎಂದು ಅವರೇ ಹೇಳಿದರು. ಬ್ಲಾಕ್ ಎಂದರೆ ಸಿಲಿಂಡರುಗಳಿರುವ, ಎಂಜಿನ್ನಿನ ಮುಖ್ಯ ಎರಕದ ಭಾಗ.

ಇದು ಕೇಳುವಷ್ಟು ವಿಚಿತ್ರವಲ್ಲ. 1955ರಲ್ಲಿ ಬಂದ ಎಂ.ಜಿ.ಎ. 1500 ಕಾರಿನಲ್ಲಿಯೂ, ಉತ್ತರಪಾರಾದಲ್ಲಿ ತಯಾರಾಗುತ್ತಿದ್ದ ನಮ್ಮ ಆಂಬಾಸಿಡರಿನಲ್ಲಿಯೂ ಇದ್ದದ್ದು ಬ್ರಿಟನ್ನಿನ ಬಿ.ಎಂ.ಸಿ. ಕಂಪನಿಯ ಒಂದೇ ಬಿ-ಸೀರೀಸ್ ವಂಶದ 1489 ಸಿಸಿ ಎಂಜಿನ್. ಎರಡು ಎಸ್.ಯು. ಕಾರ್ಬುರೇಟರುಗಳೂ ಹೆಚ್ಚಿನ ಕಂಪ್ರೆಷನ್ನೂ ಇದ್ದ ಎಂ.ಜಿ.ಎ. 72 ಅಶ್ವಶಕ್ತಿ ಕೊಡುತ್ತಿದ್ದರೆ, ಆಂಬಾಸಿಡರ್ ಸುಮಾರು 55 ಕೊಡುತ್ತಿತ್ತು. ನಾನು ನೋಡಿದ ಕಾರಿನಲ್ಲಿ ಆಂಬಾಸಿಡರ್ ಬ್ಲಾಕಿನ ಮೇಲೆ ಎಂ.ಜಿ.ಯ ಹೆಡ್ಡೂ ಕಾರ್ಬುರೇಟರುಗಳೂ ಕೂತಿದ್ದವು, ನೆಲದ ಗೇರಿನ ಮೂಲ ಗೇರ್‌ಬಾಕ್ಸ್ ಹಾಗೆಯೇ ಉಳಿದಿತ್ತು.

ವಿಲ್ಸನ್ ಗಾರ್ಡನ್ನಿನ ಹಿರಿಯ ಮೇಸ್ತ್ರಿಯೊಬ್ಬರನ್ನು ಕರೆದೊಯ್ದು ಎರಡು ಗಂಟೆ ಪರೀಕ್ಷೆ ಮಾಡಿಸಿದೆ. ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ 120ರಿಂದ 128 ಪಿ.ಎಸ್.ಐ. ನಡುವೆ ಸಮನಾಗಿತ್ತು. ಅದಕ್ಕಿಂತಲೂ ಮುಖ್ಯವಾಗಿ ನಾನು ನೋಡಬೇಕೆಂದಿದ್ದದ್ದು ಎಂಜಿನ್ ಕೂರಿಸಲು ಚಾಸಿಸನ್ನು ಎಲ್ಲಾದರೂ ಕೊಯ್ದಿದ್ದಾರೆಯೇ, ಹೊಸ ವೆಲ್ಡಿಂಗ್ ಇದೆಯೇ ಎಂಬುದನ್ನು. ಮೇಸ್ತ್ರಿಗಳು ಕಾರಿನಡಿ ಮಲಗಿ, ಮೌಂಟುಗಳ ಸುತ್ತ ಟಾರ್ಚ್ ಬಿಟ್ಟು ನೋಡಿ, "ಬೋಲ್ಟು ಬಿಚ್ಚಿದರೆ ಹಳೇದು ಹಾಗೇ ಕೂರುತ್ತೆ ಸಾರ್" ಎಂದಾಗ ನಾನು ಮನಸ್ಸು ಮಾಡಿದೆ. ಇದರಲ್ಲಿ ಮುಂದಿನ ಆಂಬಾಸಿಡರುಗಳಿಗೆ ಬಂದ ಇಸುಜು 1.8 ಎಂಜಿನ್ನನ್ನು ಅದರ ಐದು ಗೇರುಗಳ ಪೆಟ್ಟಿಗೆಯೊಡನೆ, ಚಾಸಿಸ್ ಕೊಯ್ದು ತುರುಕಿದ್ದರೆ, ಕಾರು ಎಷ್ಟೇ ಚೆನ್ನಾಗಿ ಓಡಲಿ, ನಾನು ಕೊಳ್ಳುತ್ತಿರಲಿಲ್ಲ.

ತೊಡಕು ಕಾಗದದಲ್ಲಿತ್ತು. ಆರ್‌ಸಿಯಲ್ಲಿ ಹಳೆಯ ಎಂಜಿನ್ ಸಂಖ್ಯೆಯೇ ಇತ್ತು. ಬ್ಲಾಕಿನ ಮೇಲಿನದು ಬೇರೆ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನಂತೆ ಇಂಥ ಬದಲಾವಣೆ ನೋಂದಣಿ ದಾಖಲೆಯಲ್ಲಿ ಸೇರಬೇಕು, ಇಲ್ಲವಾದರೆ ಅಪಘಾತದ ದಿನ ವಿಮೆಯವರ ಮುಂದೆ ನಿಲ್ಲುವುದು ಕಷ್ಟ. ಮಾರುವವರೇ ತಮ್ಮ ಹೆಸರಿನಲ್ಲಿರುವಾಗಲೇ ಬ್ಲಾಕಿನ ಖರೀದಿ ರಸೀದಿಯಿಟ್ಟು ಸಂಖ್ಯೆ ತಿದ್ದಿಸಿಕೊಡಬೇಕು, ಆಮೇಲೆಯೇ ಪೂರ್ತಿ ಹಣ ಎಂದೆ. ಮೂರು ತಿಂಗಳು ಹಿಡಿಯಿತು, ಕಾದದ್ದಕ್ಕೆ ನನಗೆ ಬೇಸರವಿಲ್ಲ. ಹಳೆಯ ಕಾರುಗಳಿಗೆಂದೇ ಇರುವ 2021ರ ವಿಂಟೇಜ್ ನಿಯಮದ 'ವಿಎ' ನಂಬರ್ ಫಲಕ ಮಾತ್ರ ಈ ಕಾರಿಗೆ ಸದ್ಯಕ್ಕೆ ದೂರ. 50 ವರ್ಷ ದಾಟಿದ್ದರೆ ಸಾಲದು, ಚಾಸಿಸ್, ಬಾಡಿ, ಎಂಜಿನ್ನುಗಳಲ್ಲಿ ದೊಡ್ಡ ಮಾರ್ಪಾಡಾಗಿರಬಾರದು ಎಂದು ಆ ನಿಯಮ ಹೇಳುತ್ತದೆ. ಇದನ್ನೇ ಮುಂದಿಟ್ಟು ಬೆಲೆಯಲ್ಲಿ ಎರಡು ಲಕ್ಷ ಇಳಿಸಿಕೊಂಡೆ.

ಕೊಂಡ ಮೇಲೆ ಮಾಡಿಸಿದ ಕೆಲಸಗಳು ಹೆಚ್ಚೇನಿಲ್ಲ. ಎಥೆನಾಲ್ ಬೆರೆತ ಪೆಟ್ರೋಲ್ ಹಳೆಯ ರಬ್ಬರನ್ನು ತಿನ್ನುವುದರಿಂದ ಇಂಧನದ ಹೋಸುಗಳನ್ನೆಲ್ಲ ಬದಲಿಸಿದೆ. ಸೀಸವಿಲ್ಲದ ಪೆಟ್ರೋಲಿಗೆ ಬೇಕಾದ ಗಟ್ಟಿ ವಾಲ್ವ್ ಸೀಟುಗಳನ್ನು ಹೆಡ್ಡಿಗೆ ಕೂರಿಸಿದೆ. ಹೆಬ್ಬಾಳದ ವಾಹನ ದಟ್ಟಣೆಯಲ್ಲಿ ಕಾವು ಏರುತ್ತಿದ್ದುದರಿಂದ ರೇಡಿಯೇಟರಿನ ಮುಂದೆ ವಿದ್ಯುತ್ ಫ್ಯಾನ್ ಹಾಕಿಸಿದೆ, ಅದೂ ಒಂದು ತೂತನ್ನೂ ಕೊರೆಯದೆ. ಕ್ರ್ಯಾಂಕಿನ ಹಿಂಬದಿಯಲ್ಲಿ ಎಣ್ಣೆ ತಡೆಯುವ ಸೀಲಿನ ಬದಲು ಸುರುಳಿಗೆರೆ ಮಾತ್ರ ಇರುವ ಎಂಜಿನ್ನಾದ್ದರಿಂದ ಎಣ್ಣೆ ಇನ್ನೂ ಜಿನುಗುತ್ತದೆ. ಅದಕ್ಕೊಂದು ತಟ್ಟೆ ಇಟ್ಟಿದ್ದೇನೆ.

ಬಿರುಕು ಬಿಟ್ಟ ಮೂಲ ಬ್ಲಾಕನ್ನು ಗುಜರಿಗೆ ಹಾಕದೆ ಕಾರಿನೊಡನೆ ಕೊಡಲೇಬೇಕೆಂದು ಹಟ ಹಿಡಿದು ತಂದಿದ್ದೆ. ಎಣ್ಣೆ ಸವರಿದ ಗೋಣಿಯೊಳಗೆ ಅದು ಈಗ ನನ್ನ ಶೆಡ್ಡಿನಲ್ಲಿದೆ. ಬಿರುಕನ್ನು ಬೆಂಕಿ ತಾಗಿಸದೆ ಹೊಲಿಯಬಲ್ಲ ಲೇತ್ ಅಂಗಡಿಯವರು ಮುಂದಿನ ವಾರ ಬಂದು ನೋಡುವುದಾಗಿ ಒಪ್ಪಿದ್ದಾರೆ.