ಕಾವಲು, ಗೋಮಾಳ, ಅಭಯಾರಣ್ಯ: ಆಕ್ಷೇಪಣೆ ಬರೆಯುವುದು ಹೇಗೆ

ಮೊದಲು ಸರ್ವೆ ನಂಬರ್ ತನ್ನಿ. ಉಳಿದದ್ದು ಆಮೇಲೆ ಮಾತಾಡೋಣ.

ಬಯಲುಸೀಮೆಯ ಒಂದು ತಾಲ್ಲೂಕು ಕಚೇರಿ ಎದುರು ನನ್ನದು ಜೆರಾಕ್ಸ್ ಮತ್ತು ಡಿಟಿಪಿ ಅಂಗಡಿ. ಹೆಸರಿಗೆ ಜೆರಾಕ್ಸ್, ಅನ್ನ ಹಾಕುವುದು ಮಾತ್ರ ಅರ್ಜಿ ಬರೆಯುವ ಕೆಲಸ. ಪಹಣಿ ತಿದ್ದುಪಡಿ, ವಿಧವಾ ವೇತನ, ಬಗರ್ ಹುಕುಂ (ಸರ್ಕಾರಿ ಜಾಗದ ಸಾಗುವಳಿ ಸಕ್ರಮ), ಎಲ್ಲವನ್ನೂ ಬರೆಯುತ್ತೇನೆ. ಈಚೆಗೆ ಇನ್ನೊಂದು ಥರದ ಜನ ಜಾಸ್ತಿ ಬರುತ್ತಿದ್ದಾರೆ. "ಅಕ್ಕಾ, ನಮ್ಮ ಕಾವಲಲ್ಲಿ ಯಾರೋ ಕಲ್ಲು ನೆಡ್ತಾವ್ರೆ, ಏನಾರ ಒಂದು ಬರ್ಕೊಡಿ" ಅನ್ನುವವರು. ಕಾವಲು ಅಂದರೆ ದನ ಮೇಯಲು ಬಿಟ್ಟ ಸರ್ಕಾರಿ ಹುಲ್ಲುಗಾವಲು. ಬೆಂಗಳೂರಿನಿಂದ ರಜೆಗೆ ಬಂದ ಹುಡುಗರೂ ಇರುತ್ತಾರೆ, ಅವರಿಗೆ ಬನ್ನೇರುಘಟ್ಟದ ಚಿಂತೆ. ಇಬ್ಬರಿಗೂ ನಾನು ಹೇಳುವುದು ಒಂದೇ. ಸರ್ಕಾರಿ ಜಾಗ ಕೈತಪ್ಪುವುದು ಕಡತದಲ್ಲಿ. ಅದನ್ನು ಹಿಡಿಯಬೇಕಾದದ್ದೂ ಅಲ್ಲೇ, ಗಡುವು ಮುಗಿಯುವ ಮೊದಲು.

ಚಳ್ಳಕೆರೆಯ ಕಥೆ ಗೊತ್ತಲ್ವಾ? ಸಾವಿರಾರು ಎಕರೆ ಅಮೃತಮಹಲ್ ಕಾವಲನ್ನು (ಅಮೃತಮಹಲ್ ತಳಿಯ ದನಗಳಿಗೆಂದು ಬಿಟ್ಟ ಕಾವಲು) ಡಿಆರ್‌ಡಿಒ, ಬಾರ್ಕ್, ಐಐಎಸ್‌ಸಿ, ಇಸ್ರೊದಂಥ ಸಂಶೋಧನಾ ಸಂಸ್ಥೆಗಳಿಗೆ ಕೊಟ್ಟರು. ಸುತ್ತಲಿನ ಊರುಗಳಲ್ಲಿ ಕುರಿ ಮೇಯಿಸುವ ಎಷ್ಟೋ ಜನಕ್ಕೆ ವಿಷಯ ತಿಳಿದದ್ದು ಕಾಂಪೌಂಡ್ ಗೋಡೆ ಏಳುವಾಗ. ಅಷ್ಟರಲ್ಲಿ ಮಂಜೂರಾತಿ ಆದೇಶಗಳಾಗಿ ಬಹಳ ಕಾಲವಾಗಿತ್ತು. ಪರಿಸರದ ವ್ಯಾಜ್ಯ ಕೇಳುವ ಹಸಿರು ನ್ಯಾಯಮಂಡಳಿಯವರೆಗೆ ಹೋದರು, ಆದರೆ ಗೋಡೆ ಎದ್ದ ಮೇಲೆ ವಾದಿಸುವುದು ಬಹಳ ಕಷ್ಟ.

ಜಾಗ ಯಾವುದು, ಯಾರ ಸುಪರ್ದಿಯಲ್ಲಿದೆ ಅನ್ನುವುದನ್ನು ಮೊದಲು ಪಕ್ಕಾ ಮಾಡಿಕೊಳ್ಳಿ. ಫೋನಿಗೆ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ತೋರಿಸುತ್ತದೆ. ಗಡಿಯ ಹತ್ತಿರ ಅಷ್ಟಿಷ್ಟು ಆಚೀಚೆ ಆಗುತ್ತದೆ, ಹಾಗಾಗಿ ಗ್ರಾಮ ನಕ್ಷೆಯ ನಕಲನ್ನೂ ತೆಗೆಸಿ. ಆಮೇಲೆ ಪಹಣಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ ನೋಡಿ. ಸರ್ಕಾರಿ ಗೋಮಾಳ, ಅರಣ್ಯ, ಕಾವಲು, ಏನಿದೆಯೋ ಅದನ್ನೇ ಅರ್ಜಿಯಲ್ಲಿ ಅಕ್ಷರ ಬಿಡದೆ ಬರೆಯಬೇಕು. ಖರಾಬು, ಅಂದರೆ ಸಾಗುವಳಿಗೆ ಬಾರದ ಜಾಗ, ಇದ್ದರೆ ಎ ಖರಾಬೋ ಬಿ ಖರಾಬೋ ಕೇಳಿ. ಹಳ್ಳ, ದಾರಿ, ಕೆರೆ, ಸ್ಮಶಾನ ಇವು ಬಿ ಖರಾಬು, ಸಾರ್ವಜನಿಕರದ್ದು. ಪಕ್ಕದ ಹೊಲದವರು ಮೊದಲು ನುಂಗುವುದೇ ಅದನ್ನು.

ಕಾಡಿನಂತೆ ಕಂಡದ್ದೆಲ್ಲ ಕಾಗದದಲ್ಲಿ ಕಾಡಲ್ಲ. 2022ರಲ್ಲಿ ರಾಜ್ಯ ಸರ್ಕಾರ ಡೀಮ್ಡ್ ಅರಣ್ಯದ (ಅಧಿಸೂಚನೆ ಆಗದಿದ್ದರೂ ಅರಣ್ಯ ಅಂತ ಪರಿಗಣಿಸುವ ಜಾಗದ) ಪಟ್ಟಿಯನ್ನು 9.94 ಲಕ್ಷ ಹೆಕ್ಟೇರಿನಿಂದ ಸುಮಾರು 3.3 ಲಕ್ಷ ಹೆಕ್ಟೇರಿಗೆ ಇಳಿಸಿತು. ನಿಮ್ಮ ಊರಿನ ಗುಡ್ಡ ಆ ಪಟ್ಟಿಯ ಒಳಗಿದೆಯೋ ಹೊರಗಿದೆಯೋ ತಿಳಿಯದೆ ಅರಣ್ಯ ಇಲಾಖೆಗೆ ಅರ್ಜಿ ಕೊಟ್ಟರೆ "ಈ ಜಾಗ ನಮ್ಮ ವ್ಯಾಪ್ತಿಗೆ ಬರುವುದಿಲ್ಲ" ಅಂತ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಬರುತ್ತದೆ. ಅಮೃತಮಹಲ್ ಕಾವಲಿನದು ಇನ್ನೂ ಗೋಜಲು. ಕೆಲವು ಪಶುಸಂಗೋಪನಾ ಇಲಾಖೆಯಲ್ಲಿವೆ, ಕೆಲವು ಅರಣ್ಯಕ್ಕೆ ಹೋಗಿವೆ. ಕಡೂರು ಹತ್ತಿರದ ಬಾಸೂರು ಕಾವಲು 2011ರಲ್ಲಿ ಸಂರಕ್ಷಣಾ ಮೀಸಲು, ಅಂದರೆ ವನ್ಯಜೀವಿ ಕಾಯ್ದೆಯಡಿ ರಕ್ಷಿತ ಜಾಗ, ಆಯಿತು, ಅದರ ಕಾನೂನೇ ಬೇರೆ.

ಈಗ ಅರ್ಜಿಗೆ ಬರೋಣ. ಜನ ಬರೆದು ತರುವ ಅರ್ಜಿ ಸಾಮಾನ್ಯವಾಗಿ ಹೀಗಿರುತ್ತದೆ: "ಬಡವರಾದ ನಾವು ತಲತಲಾಂತರದಿಂದ ದನ ಮೇಯಿಸಿಕೊಂಡು ಬಂದಿದ್ದು, ತಾವು ದೊಡ್ಡ ಮನಸ್ಸು ಮಾಡಿ ನಮ್ಮ ಗೋಮಾಳ ಉಳಿಸಿಕೊಡಬೇಕಾಗಿ ಕೈಮುಗಿದು ಪ್ರಾರ್ಥನೆ." ಓದಿದರೆ ಕರುಳು ಚುರುಕ್ ಅನ್ನುತ್ತದೆ. ಆದರೆ ಕಚೇರಿಯಲ್ಲಿ ಕಡತ ನೋಡುವ ವಿಷಯ ನಿರ್ವಾಹಕರು ಇದರ ಮೇಲೆ ಏನು ಟಿಪ್ಪಣಿ ಹಾಕಬೇಕು ಹೇಳಿ? ಯಾವ ಜಾಗ, ಯಾವ ಆದೇಶ, ಏನು ಮಾಡಬೇಕು, ಒಂದೂ ಇಲ್ಲ.

ಅದನ್ನೇ ನಾನು ಹೀಗೆ ಬರೆಯುತ್ತೇನೆ, ನಂಬರ್ ಮಾದರಿಗೆ ಮಾತ್ರ: "ವಿಷಯ: ಸರ್ವೆ ನಂ. 84ರ ಗೋಮಾಳದಲ್ಲಿ 12 ಎಕರೆ ಮಂಜೂರಾತಿಗೆ ಆಕ್ಷೇಪಣೆ. ಸದರಿ ಜಾಗ ಪಹಣಿಯಲ್ಲಿ ಸರ್ಕಾರಿ ಗೋಮಾಳ ಎಂದಿದೆ, ಪ್ರತಿ ಲಗತ್ತಿಸಿದೆ. ಗ್ರಾಮದ ರಾಸುಗಳ ಸಂಖ್ಯೆಗೆ ನಿಯಮದಂತೆ ಬೇಕಾದ ಗೋಮಾಳ ಈಗಲೇ ಕಡಿಮೆ ಇದೆ, ಜಾನುವಾರು ಗಣತಿ ವಿವರ ಲಗತ್ತಿಸಿದೆ. ಜಾಗದಲ್ಲಿ ಕುಡಿಯುವ ನೀರಿನ ಕಟ್ಟೆ ಇದೆ, ಫೋಟೊ ಲಗತ್ತಿಸಿದೆ. ಆದ್ದರಿಂದ ಮಂಜೂರಾತಿ ಪ್ರಸ್ತಾವ ಕೈಬಿಡಬೇಕು. ಸ್ಥಳ ತನಿಖೆಯ ದಿನಾಂಕ ನಮಗೆ ಮೊದಲೇ ತಿಳಿಸಬೇಕು. ಲಿಖಿತ ಹಿಂಬರಹ ಕೊಡಬೇಕು." ಒಂದೇ ಪುಟ. ಕೊನೆಯ ಮೂರು ವಾಕ್ಯಗಳಲ್ಲಿ ಮೂರು ಬೇಡಿಕೆ. ಒಂದೊಂದಕ್ಕೂ ಅವರು ಉತ್ತರ ಬರೆಯಲೇಬೇಕಾಗುತ್ತದೆ.

ರಾಸುಗಳ ಲೆಕ್ಕ ಸುಮ್ನೆ ಹಾಕಿದ್ದಲ್ಲ. ಕರ್ನಾಟಕ ಭೂಕಂದಾಯ ನಿಯಮಗಳ 97ನೇ ನಿಯಮದ ಪ್ರಕಾರ ನೂರು ರಾಸಿಗೆ 12 ಹೆಕ್ಟೇರ್, ಅಂದರೆ ಹೆಚ್ಚುಕಡಿಮೆ 30 ಎಕರೆ ಗೋಮಾಳ ಇರಬೇಕು. "ಹೆಚ್ಚುವರಿ ಗೋಮಾಳ" ಅಂತ ವರದಿ ಬರೆದು ಜಾಗ ತೆಗೆಯುವುದು ಈ ಲೆಕ್ಕದ ಮೇಲೆಯೇ. ಹಾಗಾಗಿ ಪಶು ಆಸ್ಪತ್ರೆಗೆ ಹೋಗಿ ನಿಮ್ಮ ಊರಿನ ಗಣತಿ ಕೇಳಿ. ಗಣತಿಯವರು ಬಂದಾಗ ದನ ಮನೆಯಲ್ಲಿ ಇಲ್ಲ ಅಂತ ಬರೆಸಬೇಡಿ ಮಾರಾಯ್ರೇ! ತೆರಿಗೆ ಬೀಳುತ್ತದೆ ಅಂತ ಹೆದರಿ ಎಮ್ಮೆ ಮುಚ್ಚಿಟ್ಟ ಊರುಗಳಿವೆ.

ಅರ್ಜಿಯ ಎರಡು ಪ್ರತಿ ಒಯ್ಯಿರಿ. ಒಂದು ಟಪಾಲಿಗೆ, ಇನ್ನೊಂದರ ಮೇಲೆ ಮುದ್ರೆ, ತಾರೀಕು, ಸಹಿ. ಮುದ್ರೆ ಬೀಳದ ಅರ್ಜಿ ಕೊಟ್ಟಿಲ್ಲ ಅಂತಲೇ ಲೆಕ್ಕ. ಒಂದು ಕಚೇರಿಯಲ್ಲಿ "ಸಾಹೇಬ್ರು ಮೀಟಿಂಗಲ್ಲಿದ್ದಾರೆ, ಇಟ್ಟು ಹೋಗಿ" ಅಂದರು. ನಾನು ಅಲ್ಲೇ ಬೆಂಚಿನ ಮೇಲೆ ಕೂತೆ. ಸಂಜೆ ಬಾಗಿಲು ಹಾಕುವ ಹೊತ್ತಿಗೆ ಮುದ್ರೆ ಬಿತ್ತು. ಅಷ್ಟು ಹೊತ್ತು ಇಲ್ಲದವರು ಸ್ಪೀಡ್ ಪೋಸ್ಟ್ ಮಾಡಿ ರಸೀದಿ ಇಟ್ಟುಕೊಳ್ಳಿ.

ಹಿಂಬರಹ ಬರದಿದ್ದರೆ ಮಾಹಿತಿ ಹಕ್ಕು. ನಮ್ಮ ರಾಜ್ಯದಲ್ಲಿ ನಮೂನೆ ಎ, 10 ರೂಪಾಯಿ ಶುಲ್ಕ, ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. "ಯಾಕೆ ಕೊಟ್ಟಿರಿ" ಅಂತ ಪ್ರಶ್ನೆ ಕೇಳಬೇಡಿ. "ಸದರಿ ಸರ್ವೆ ನಂಬರಿಗೆ ಸಂಬಂಧಿಸಿದ ಕಡತದ ಟಿಪ್ಪಣಿ ಹಾಳೆ ಸಹಿತ ಎಲ್ಲ ಪುಟಗಳ ದೃಢೀಕೃತ ನಕಲು" ಅಂತ ಕೇಳಿ. ಟಿಪ್ಪಣಿ ಹಾಳೆಯಲ್ಲೇ ಯಾರು ಯಾವತ್ತು ಏನು ಬರೆದರು ಅನ್ನುವುದೆಲ್ಲ ಇರುವುದು. 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮೇಲ್ಮನವಿಗೆ ಮತ್ತೆ 30 ದಿನ. ಬಂದ ನಕಲು ಓದುವಾಗ "ಪಾಳು ಭೂಮಿ, ಯಾವುದೇ ಸಸ್ಯವರ್ಗ ಇಲ್ಲ" ಅಂತ ಕಂಡರೆ ಪೆನ್ಸಿಲಿನಲ್ಲಿ ಗೆರೆ ಹಾಕಿ. ಹುಲ್ಲುಗಾವಲಿನ ಮೇಲೆ ಈ ಸಾಲು ತಪ್ಪದೆ ಬರುತ್ತದೆ. ಅದನ್ನು ಮುರಿಯುವ ಸಾಕ್ಷಿ ನಿಮ್ಮ ಹತ್ತಿರ ಇರಬೇಕು: ಮಳೆಗಾಲದ್ದೊಂದು, ಬೇಸಿಗೆಯದ್ದೊಂದು ಫೋಟೊ, ತಾರೀಕು ಮತ್ತು ಜಿಪಿಎಸ್ ಸಹಿತ. ಕೃಷ್ಣಮೃಗ, ತೋಳ ಕಂಡ ದಾಖಲೆ. ಪಂಚಾಯಿತಿಯ ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿ ಪುಸ್ತಕ ಬೀರುವಿನಲ್ಲೆಲ್ಲೋ ಬಿದ್ದಿರುತ್ತದೆ. ತೆಗೆಸಿ, ಕುರಿಗಾಹಿಗಳ ಬಾಯಲ್ಲಿರುವ ಹುಲ್ಲಿನ ಹೆಸರುಗಳನ್ನೆಲ್ಲ ಅದಕ್ಕೆ ಸೇರಿಸಿ.

ರಾಷ್ಟ್ರೀಯ ಉದ್ಯಾನದ ವಿಷಯದಲ್ಲಿ ತಹಶೀಲ್ದಾರ್ ಕಚೇರಿಯ ಬೆಂಚು ಉಪಯೋಗಕ್ಕೆ ಬರುವುದಿಲ್ಲ. ನಮ್ಮಲ್ಲಿ ಐದಿವೆ: ಬಂಡೀಪುರ, ನಾಗರಹೊಳೆ, ಬನ್ನೇರುಘಟ್ಟ, ಕುದುರೆಮುಖ, ಅಣಶಿ. ಇವುಗಳ ಗಡಿ ಬದಲಿಸಲು ರಾಷ್ಟ್ರೀಯ ವನ್ಯಜೀವಿ ಮಂಡಳಿಯ ಶಿಫಾರಸು ಬೇಕು, ಅದು ಸುಲಭಕ್ಕೆ ಆಗುವುದಲ್ಲ. ಹಾಗಾಗಿ ಎಳೆದಾಟ ನಡೆಯುವುದು ಹೆಚ್ಚಾಗಿ ಅಂಚಿನಲ್ಲಿ, ಉದ್ಯಾನದ ಸುತ್ತ ಗಣಿ, ಕಟ್ಟಡಗಳಿಗೆ ಮಿತಿ ಹಾಕುವ ಪರಿಸರ ಸೂಕ್ಷ್ಮ ವಲಯದಲ್ಲಿ. ಕೇಂದ್ರ ಪರಿಸರ ಸಚಿವಾಲಯ ಗೆಜೆಟ್‌ನಲ್ಲಿ ಕರಡು ಪ್ರಕಟಿಸಿದರೆ ಆಕ್ಷೇಪಣೆಗೆ 60 ದಿನ. ಬನ್ನೇರುಘಟ್ಟಕ್ಕೆ 2016ರ ಕರಡಿನಲ್ಲಿ 268.96 ಚದರ ಕಿಲೋಮೀಟರ್ ಇತ್ತು. 2018ರ ಕರಡಿನಲ್ಲಿ 168.84. ಜನ ಬೀದಿಗಿಳಿದರು, ಪತ್ರ ಬರೆದರು. 2020ರ ಅಂತಿಮ ಅಧಿಸೂಚನೆಯಲ್ಲೂ 168.84 ಹಾಗೇ ಉಳಿಯಿತು. ಇಂಥ ಕರಡು ಬಂದಾಗ ಮೊದಲ ಪುಟ ಓದಿ ನಿಲ್ಲಿಸಬೇಡಿ. ಕೊನೆಯ ಅನುಬಂಧದಲ್ಲಿ ಊರುಗಳ ಪಟ್ಟಿ ಇರುತ್ತದೆ. ಹಳೆಯದನ್ನು ಹೊಸದರ ಪಕ್ಕ ಇಟ್ಟು ಯಾವ ಊರು ಕೈಬಿಟ್ಟಿದೆ ನೋಡಿ, ಆ ಊರಿನ ಹೆಸರು ಹಿಡಿದು ಆಕ್ಷೇಪಿಸಿ. "ಆನೆ ಉಳಿಸಿ" ಅಂತ ಸಾವಿರ ಜನ ಒಂದೇ ಇಮೇಲ್ ಕಳಿಸುವುದಕ್ಕಿಂತ, ಆನೆ ದಾಟುವ ಜಾಗದ ಸರ್ವೆ ನಂಬರ್ ಇರುವ ಹತ್ತು ಪತ್ರಗಳು ನನ್ನ ಲೆಕ್ಕದಲ್ಲಿ ಮೇಲು.

ಬೇಡ ಅಂದ ಕಡೆಯೇ ಹೌದು ಅನ್ನಿಸಿಕೊಂಡದ್ದೂ ಇದೆ. ಹೆಸರಘಟ್ಟದ ಹುಲ್ಲುಗಾವಲನ್ನು ಸಂರಕ್ಷಣಾ ಮೀಸಲು ಮಾಡುವ ಪ್ರಸ್ತಾವವನ್ನು ರಾಜ್ಯ ವನ್ಯಜೀವಿ ಮಂಡಳಿ 2021ರ ಜನವರಿಯಲ್ಲಿ ತಳ್ಳಿಹಾಕಿತು. ವಿಷಯ ಹೈಕೋರ್ಟಿಗೆ ಹೋಯಿತು. 2024ರ ಅಕ್ಟೋಬರ್‌ನಲ್ಲಿ ಅದೇ ಮಂಡಳಿ ಒಪ್ಪಿತು. ಇಂಥ ಮಂಡಳಿಯ ನಡಾವಳಿ ಸಿಕ್ಕರೆ ಬಿಡದೆ ಓದಿ. ಬೇಡ ಅನ್ನಲು ಕೊಟ್ಟ ಕಾರಣ ಅದರಲ್ಲಿರುತ್ತದೆ, ಮುಂದಿನ ಅರ್ಜಿ ಆ ಕಾರಣಕ್ಕೇ ಉತ್ತರ ಕೊಡಬೇಕು.

ಗಣಿ, ಅಣೆಕಟ್ಟು, ಹೆದ್ದಾರಿ ಅಂದರೆ ಸಾರ್ವಜನಿಕ ಅಹವಾಲು ಸಭೆ ಬರಬಹುದು. 2006ರ ಪರಿಸರ ಪರಿಣಾಮ ಅಂದಾಜು ಅಧಿಸೂಚನೆ ಪ್ರಕಾರ 30 ದಿನ ಮೊದಲು ಪತ್ರಿಕೆಯಲ್ಲಿ ಪ್ರಕಟಣೆ ಬರಬೇಕು, ವರದಿಯ ಸಾರಾಂಶ ಕನ್ನಡದಲ್ಲೂ ಸಿಗಬೇಕು. ಸಿಗದಿದ್ದರೆ ಅದೇ ನಿಮ್ಮ ಮೊದಲ ಆಕ್ಷೇಪಣೆ. ಸಭೆಯಲ್ಲಿ ಎರಡು ನಿಮಿಷಕ್ಕೆ ಆಗುವಷ್ಟೇ ಮಾತಾಡಿ, ಉಳಿದದ್ದು ಬರಹದಲ್ಲಿ ಕೊಡಿ. ಹೆಸರು, ಊರು ಮೊದಲು ಹೇಳಿ, ವಿಡಿಯೊ ಆಗುತ್ತಿರುತ್ತದೆ. ಘೋಷಣೆ ಕೂಗುವ ಹುಡುಗರಿಗಿಂತ ಅಲ್ಲಿ ಮೇಕೆ ಮೇಯಿಸುವ ಅಜ್ಜಿಯನ್ನು ಮೈಕಿನ ಮುಂದೆ ಕಳಿಸಿ. ಯಾವ ತಿಂಗಳಲ್ಲಿ ಯಾವ ಹಳ್ಳದಲ್ಲಿ ನೀರಿರುತ್ತದೆ ಅಂತ ಆಕೆಗೆ ಗೊತ್ತು, ಸಲಹೆಗಾರ ಕಂಪನಿಯ ವರದಿಯಲ್ಲಿ ಅದು ಇರುವುದಿಲ್ಲ. ಊಟ ಆದ ಕೂಡಲೇ ಬಸ್ಸಿಗೆ ಓಡಬೇಡಿ. ಕೊನೆಯಲ್ಲಿ ನಡಾವಳಿಯನ್ನು ಸ್ಥಳೀಯ ಭಾಷೆಯಲ್ಲಿ ಓದಿ ಹೇಳಬೇಕು ಅಂತ ನಿಯಮವಿದೆ. ನೀವು ಹೇಳಿದ್ದು ಬಿಟ್ಟುಹೋಗಿದ್ದರೆ ಅಲ್ಲೇ ಎದ್ದು ಹೇಳಿ.

ಇನ್ನೊಂದು ಮಾತು, ಇದು ಕೆಲವರಿಗೆ ಹಿಡಿಸುವುದಿಲ್ಲ. ಬಗರ್ ಹುಕುಂ ಅರ್ಜಿಯನ್ನೂ ನಾನೇ ಬರೆಯುತ್ತೇನೆ ಅಂದೆನಲ್ಲ. ಎರಡು ಎಕರೆ ರಾಗಿ ಬೆಳೆಯುವ ವಿಧವೆಯ ವಿರುದ್ಧ ಮಾತ್ರ ಆಕ್ಷೇಪಣೆ ಬರೆಯುವುದಿಲ್ಲ. ನಲವತ್ತು ಎಕರೆಗೆ ತಂತಿ ಬೇಲಿ ಎಳೆದು ಲೇಔಟ್ ಮಾಡುವವರ ವಿರುದ್ಧ ಖುಷಿಯಿಂದ ಬರೆಯುತ್ತೇನೆ. ಇದು ನನ್ನೊಬ್ಬಳ ಪಕ್ಷಪಾತ ಅಲ್ಲ. 2011ರ ಜಗ್‌ಪಾಲ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಊರೊಟ್ಟಿನ ಜಾಗದ ಒತ್ತುವರಿ ತೆರವು ಮಾಡಿ ಅಂತ ಎಲ್ಲ ರಾಜ್ಯಗಳಿಗೆ ಹೇಳಿತು. ಜೊತೆಗೆ, ಸರ್ಕಾರವೇ ಭೂಹೀನ ಕೂಲಿಗಳಿಗೆ, ಪರಿಶಿಷ್ಟರಿಗೆ ಗುತ್ತಿಗೆ ಕೊಟ್ಟಿದ್ದರೆ, ಅಥವಾ ಜಾಗದಲ್ಲಿ ಶಾಲೆ, ಆಸ್ಪತ್ರೆ ಇದ್ದರೆ ಅದನ್ನು ಬೇರೆಯಾಗಿ ನೋಡಬಹುದು ಅಂತಲೂ ಹೇಳಿತು. ಬಡವರನ್ನು ಎದುರು ಹಾಕಿಕೊಂಡರೆ ಊರಿನಲ್ಲಿ ಸಹಿ ಹಾಕುವವರೂ ಸಿಗುವುದಿಲ್ಲ.

ಊರು ಜೊತೆಗಿದ್ದರೆ ಏನಾಗುತ್ತದೆ ಅನ್ನುವುದಕ್ಕೆ ಹಾನಗಲ್ ತಾಲ್ಲೂಕಿನ ಕುಸನೂರು ಇದೆ. ಊರೊಟ್ಟಿನ ಜಾಗವನ್ನು ನೀಲಗಿರಿ ಬೆಳೆಯಲು ಕರ್ನಾಟಕ ಪಲ್ಪ್‌ವುಡ್ ಕಂಪನಿಗೆ ಕೊಟ್ಟಿದ್ದರು. 1987ರ ನವೆಂಬರ್ 14ರಂದು ಜನ ನೀಲಗಿರಿ ಸಸಿ ಕಿತ್ತು, ತಮಗೆ ಬೇಕಾದ ಗಿಡ ಹಚ್ಚಿದರು. ಕಿತ್ತಿಕೋ ಹಚ್ಚಿಕೋ ಸತ್ಯಾಗ್ರಹ ಅಂತಲೇ ಹೆಸರಾಯಿತು. ಎಲ್ಲರಿಗೂ ನೆನಪಿರುವುದು ಗಿಡ ಕಿತ್ತದ್ದು. ಅದಕ್ಕೂ ಮೊದಲೇ ಸುಪ್ರೀಂ ಕೋರ್ಟಿನಲ್ಲಿ ಅರ್ಜಿ ಹಾಕಿ ತಡೆಯಾಜ್ಞೆ ತಂದಿದ್ದರು ಅನ್ನುವುದನ್ನು ಯಾರೂ ಹೇಳುವುದಿಲ್ಲ.

ವಕೀಲರ ಹತ್ತಿರ ಹೋಗಬೇಕಾದರೆ ತಡ ಮಾಡಬೇಡಿ. ಪರಿಸರ ಅನುಮತಿ ಸಿಕ್ಕ ಮೇಲೆ ಹಸಿರು ನ್ಯಾಯಮಂಡಳಿಗೆ ಮೇಲ್ಮನವಿ ಹಾಕಲು 30 ದಿನ. ತಕ್ಕ ಕಾರಣವಿದ್ದರೆ ಇನ್ನೂ 60 ದಿನ, ಅಷ್ಟೇ. ನಮಗೆ ಪೀಠ ಇರುವುದು ಚೆನ್ನೈನಲ್ಲಿ. ದುಡ್ಡಿಲ್ಲದವರು ನ್ಯಾಯಾಲಯದ ಆವರಣದಲ್ಲೇ ಇರುವ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೇಳಿ. ಹೆಂಗಸರಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ವಕೀಲರನ್ನು ಉಚಿತವಾಗಿ ಕೊಡುತ್ತಾರೆ. ಹೋಗುವಾಗ ಪಹಣಿ, ಗ್ರಾಮ ನಕ್ಷೆ, ಮುದ್ರೆ ಬಿದ್ದ ಆಕ್ಷೇಪಣೆ, ಮಾಹಿತಿ ಹಕ್ಕಿನಲ್ಲಿ ಬಂದ ನಕಲು, ಫೋಟೊ, ಎಲ್ಲವನ್ನೂ ತಾರೀಕಿನ ಪ್ರಕಾರ ಜೋಡಿಸಿ ಎರಡು ಸೆಟ್ ಮಾಡಿಸಿ. ಮೂಲ ಪ್ರತಿ ಯಾರಿಗೂ ಕೊಡಬೇಡಿ, ವಕೀಲರಿಗೂ.